‘ಇದು ರಿಪೇರಿ ಆಗಲ್ಲ, ಹೊಸದು ತಗೊಳ್ಳಿ’ ಅಂದಾಗ ಏನು ಮಾಡಬೇಕು

ಪರದೆ ಒಡೆದ ಫೋನು ಹಿಡಿದುಕೊಂಡು ಸರ್ವಿಸ್ ಸೆಂಟರ್‌ಗೆ ಹೋದ ಎಷ್ಟೋ ಜನ ಕೇಳಿಸಿಕೊಂಡು ಬರುವ ಮಾತು ಇದು. ಡಿಸ್‌ಪ್ಲೇಗೆ ಇಷ್ಟಾಗುತ್ತೆ, ಅದಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಹೊಸ ಫೋನೇ ಬರುತ್ತೆ ಅಂತ ಕೌಂಟರ್‌ನಲ್ಲಿ ಹೇಳುತ್ತಾರೆ. ನಾವು ಸುಮ್ನೆ ತಲೆಯಾಡಿಸಿ ವಾಪಸ್ ಬರುತ್ತೇವೆ. ಯಾವ ಭಾಗ ಹೋಗಿದೆ, ಅದರ ಬೆಲೆ ಎಷ್ಟು, ಯಾಕೆ ಸಿಗುವುದಿಲ್ಲ ಅಂತ ಕೇಳುವುದೂ ಇಲ್ಲ, ಕಾಗದದಲ್ಲಿ ಬರೆಸಿಕೊಳ್ಳುವುದೂ ಇಲ್ಲ. ನನ್ನ ಪ್ರಕಾರ ರಿಪೇರಿಯ ಅರ್ಧ ಕೆಲಸ ಸ್ಕ್ರೂಡ್ರೈವರ್ ಮುಟ್ಟುವ ಮುಂಚೆಯೇ, ಆ ಕೌಂಟರ್‌ನಲ್ಲೇ ಆಗಬೇಕು.

ಭಾರತದಲ್ಲಿ ರಿಪೇರಿ ಹಕ್ಕಿಗೆ (ಕೊಂಡ ವಸ್ತುವನ್ನು ನಮಗೆ ಬೇಕಾದ ಕಡೆ ಸರಿಮಾಡಿಸಿಕೊಳ್ಳುವ ಹಕ್ಕು) ಅಂತಲೇ ಪ್ರತ್ಯೇಕ ಕಾನೂನು ಇನ್ನೂ ಬಂದಿಲ್ಲ, ಅದು ಮೊದಲೇ ಗೊತ್ತಿರಲಿ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ, ದೂರು ಕೊಡಲು ದಾರಿ ಇದೆ, ಮತ್ತು ಅದನ್ನು ಬಳಸಲು ವಕೀಲರೇ ಬೇಕು ಅಂತೇನಿಲ್ಲ.

ಮೊದಲು ಏನು ಕೆಟ್ಟಿದೆ ಅಂತ ನೀವೇ ನೋಡಿ

ಚಾರ್ಜ್ ಆಗುತ್ತಿಲ್ಲ ಅಂತ ಬರುವ ಫೋನುಗಳಲ್ಲಿ ಸಾಕಷ್ಟು ಸಲ ಕೆಟ್ಟಿರುವುದು ಏನೂ ಇರುವುದಿಲ್ಲ. ಜೇಬಿನ ನೂಲು, ದೂಳು ಚಾರ್ಜಿಂಗ್ ತೂತಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಫೋನು ಆಫ್ ಮಾಡಿ, ಟಾರ್ಚ್ ಹಿಡಿದು ಒಳಗೆ ನೋಡಿ, ಮರದ ಟೂತ್‌ಪಿಕ್‌ನಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಪಿನ್ನು, ಸೂಜಿ ಬೇಡ. ಬೇರೆ ಕೇಬಲ್, ಬೇರೆ ಚಾರ್ಜರ್ ಹಾಕಿಯೂ ನೋಡಿ. ಆಮೇಲೆ ಅಂಗಡಿಗೆ ಹೋಗಿ.

ಬ್ಯಾಟರಿ ಬೇಗ ಇಳಿಯುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಹೆಲ್ತ್ ನೋಡಿ. ಐಫೋನ್‌ಗಳಲ್ಲಿ ಇದು ನೇರವಾಗಿ ಕಾಣುತ್ತದೆ, ಸ್ಯಾಮ್‌ಸಂಗ್‌ನಲ್ಲಿ ‘ಸ್ಯಾಮ್‌ಸಂಗ್ ಮೆಂಬರ್ಸ್’ ಆ್ಯಪ್‌ನ ಪರೀಕ್ಷೆಯಲ್ಲಿ ಸಿಗುತ್ತದೆ. ಶೇ. 80ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಬದಲಿಸಿ, ಫೋನು ಬದಲಿಸುವ ಅಗತ್ಯ ಇಲ್ಲ. ಫೋನು ನಿಧಾನ ಆಗಿದೆ ಅನ್ನುವವರೂ ಮೊದಲು ಇದನ್ನೇ ನೋಡಬೇಕು. ಹಳೆಯ ಬ್ಯಾಟರಿ ಇರುವ ಐಫೋನ್‌ಗಳ ವೇಗವನ್ನು ಸಾಫ್ಟ್‌ವೇರ್ ಮೂಲಕ ಇಳಿಸುತ್ತಿದ್ದೇವೆ ಅಂತ 2017ರ ಡಿಸೆಂಬರ್‌ನಲ್ಲಿ ಆಪಲ್ ಒಪ್ಪಿಕೊಂಡಿತು. ಫೋನು ಏಕಾಏಕಿ ಆಫ್ ಆಗಬಾರದು ಅಂತ ಹಾಗೆ ಮಾಡಿದ್ದು ಅನ್ನುವುದು ಕಂಪನಿಯ ಸಮಜಾಯಿಷಿ. ಆದರೆ ಬಳಸುವವರಿಗೆ ಅದನ್ನು ಸರಿಯಾಗಿ ಹೇಳಿರಲಿಲ್ಲ. ಅದಕ್ಕೇ 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೊ ದಂಡ ಹಾಕಿತು. ಒಂದು ಬ್ಯಾಟರಿ ಹಾಕಿಸಿದ್ದರೆ ಸಾಕಾಗಿತ್ತು, ಅದು ಗೊತ್ತಿಲ್ಲದೆ ಎಷ್ಟು ಜನ ಹೊಸ ಫೋನು ಕೊಂಡಿರಬಹುದು ಯೋಚಿಸಿ.

ಬ್ಯಾಟರಿ ಉಬ್ಬಿ ಹಿಂಬದಿ ಎದ್ದಿದ್ದರೆ ಮಾತ್ರ ತಡ ಮಾಡಬೇಡಿ. ಚಾರ್ಜ್ ಹಾಕಬೇಡಿ, ಒತ್ತಿ ಮುಚ್ಚಲು ಹೋಗಬೇಡಿ, ದಿಂಬಿನ ಪಕ್ಕ ಇಟ್ಟುಕೊಂಡು ಮಲಗಬೇಡಿ. ಅವತ್ತೇ ಅಂಗಡಿಗೆ ಕೊಡಿ. ನೀರಿಗೆ ಬಿದ್ದ ಫೋನನ್ನು ಅಕ್ಕಿ ಡಬ್ಬದಲ್ಲಿ ಹೂತಿಡುವುದೂ ಬೇಡ. ಅಕ್ಕಿಯ ಪುಡಿ ಒಳಗೆ ಸೇರುತ್ತದೆ, ಬೇರೆ ಲಾಭ ಇಲ್ಲ. ಆಫ್ ಮಾಡಿ, ಸಿಮ್ ಟ್ರೇ ತೆಗೆದು, ಗಾಳಿ ಆಡುವ ಕಡೆ ಇಡಿ.

ಕೊಡುವ ಮುಂಚೆ ಒಳಗಿರುವುದನ್ನು ಕಾಪಾಡಿಕೊಳ್ಳಿ

ಬ್ಯಾಕಪ್ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಟಚ್ ಹೋಗಿದ್ದರೆ ಹೇಗೆ ಅಂತ ಯಾರೂ ಹೇಳುವುದಿಲ್ಲ. ಪರದೆಯಲ್ಲಿ ಚಿತ್ರ ಕಾಣುತ್ತಿದ್ದು ಟಚ್ ಮಾತ್ರ ಸತ್ತಿದ್ದರೆ, ಹೆಚ್ಚಿನ ಆ್ಯಂಡ್ರಾಯ್ಡ್ ಫೋನುಗಳಿಗೆ ಒಂದು ಒಟಿಜಿ ಕನೆಕ್ಟರ್ (ಚಾರ್ಜಿಂಗ್ ತೂತಿಗೆ ಯುಎಸ್‌ಬಿ ಸಾಧನ ಜೋಡಿಸುವ ಸಣ್ಣ ಕೊಂಡಿ) ಹಾಕಿ ಸಾಮಾನ್ಯ ಕಂಪ್ಯೂಟರ್ ಮೌಸ್ ಜೋಡಿಸಿ. ಪರದೆ ಮೇಲೆ ಬಾಣ ಬರುತ್ತದೆ. ಅದರಿಂದಲೇ ಲಾಕ್ ತೆಗೆದು ಎಲ್ಲ ನಕಲು ಮಾಡಿಕೊಳ್ಳಬಹುದು.

ಪಿನ್ ಕೊಡಿ, ಚೆಕ್ ಮಾಡಬೇಕು ಅಂತ ಅಂಗಡಿಯವರು ಕೇಳುತ್ತಾರೆ. ರಿಪೇರಿ ಆದ ಮೇಲೆ ಕ್ಯಾಮೆರಾ, ಸ್ಪೀಕರ್ ಪರೀಕ್ಷೆ ಮಾಡಬೇಕಲ್ವಾ, ಕೇಳುವುದರಲ್ಲಿ ತಪ್ಪಿಲ್ಲ. ಆದರೆ ನಿಮ್ಮ ಫೋಟೊ, ವಾಟ್ಸ್‌ಆ್ಯಪ್, ಯುಪಿಐ ಎಲ್ಲವೂ ಅದೇ ಪಿನ್ ಹಿಂದೆ ಇರುತ್ತವೆ. ಸ್ಯಾಮ್‌ಸಂಗ್‌ನ ಹೊಸ ಫೋನುಗಳಲ್ಲಿ ‘ಮೇಂಟೆನೆನ್ಸ್ ಮೋಡ್’ ಅಂತ ಇದೆ, ಬ್ಯಾಟರಿ ಮತ್ತು ಡಿವೈಸ್ ಕೇರ್ ಒಳಗೆ ಸಿಗುತ್ತದೆ. ಗೂಗಲ್ ಪಿಕ್ಸೆಲ್‌ನಲ್ಲಿ ಇದಕ್ಕೆ ‘ರಿಪೇರ್ ಮೋಡ್’ ಅನ್ನುತ್ತಾರೆ. ಇದನ್ನು ಆನ್ ಮಾಡಿದರೆ ಫೋನು ಖಾಲಿ ಫೋನಿನ ಹಾಗೆ ತೆರೆದುಕೊಳ್ಳುತ್ತದೆ, ನಿಮ್ಮದು ಯಾವುದೂ ಕಾಣುವುದಿಲ್ಲ, ವಾಪಸ್ ಬಂದ ಮೇಲೆ ನಿಮ್ಮ ಪಿನ್ ಹಾಕಿದರೆ ಎಲ್ಲ ಮೊದಲಿನಂತೆ ಬರುತ್ತದೆ. ಈ ಸೌಲಭ್ಯ ಇಲ್ಲದ ಫೋನಾದರೆ ಬ್ಯಾಕಪ್ ತೆಗೆದು ಅಳಿಸಿಕೊಡುವುದೇ ಸರಿ. ಹೆಣ್ಣುಮಕ್ಕಳ ಫೋನು ರಿಪೇರಿಗೆ ಕೊಡುವಾಗ ಮನೆಯವರು ಹೆದರುವುದು ಇದಕ್ಕೇ. ಆ ಭಯಕ್ಕೆ ಫೋನಿನೊಳಗೇ ಪರಿಹಾರ ಇದೆ ಅಂತ ಇನ್ನೂ ಬಹಳ ಜನರಿಗೆ ಗೊತ್ತಿಲ್ಲ, ದಯವಿಟ್ಟು ನಿಮ್ಮ ಮನೆಯಲ್ಲಿ ಹೇಳಿಕೊಡಿ.

ಸಿಮ್ಮು, ಮೆಮೊರಿ ಕಾರ್ಡು ತೆಗೆದಿಟ್ಟುಕೊಳ್ಳಿ. *#06# ಒತ್ತಿ ಐಎಂಇಐ, ಅಂದರೆ ನಿಮ್ಮ ಫೋನಿನ ಗುರುತಿನ ಸಂಖ್ಯೆ ಬರೆದುಕೊಳ್ಳಿ. ಫೋನಿನ ನಾಲ್ಕೂ ಬದಿ ಫೋಟೊ ತೆಗೆಯಿರಿ. ಮೊದಲೇ ಇದ್ದ ಗೀರು ಯಾವುದು, ಅಲ್ಲಿ ಆದದ್ದು ಯಾವುದು ಅನ್ನುವ ಜಗಳ ಆಮೇಲೆ ಬರುವುದಿಲ್ಲ.

ಸರ್ವಿಸ್ ಸೆಂಟರ್‌ನಲ್ಲಿ ಬಾಯಿಮಾತು ಬೇಡ

ಫೋನು ಕೊಟ್ಟ ಕೂಡಲೇ ಜಾಬ್ ಶೀಟ್, ಅಂದರೆ ಫೋನು ಮತ್ತು ಅದರ ತೊಂದರೆ ಬರೆದ ರಸೀದಿ ಕೇಳಿ. ಅದರಲ್ಲಿ ನೀವು ಹೇಳಿದ ತೊಂದರೆ ನೀವು ಹೇಳಿದ ಹಾಗೇ ಇದೆಯಾ ಅಂತ ಓದಿ ಸಹಿ ಹಾಕಿ. ‘ಕಸ್ಟಮರ್ ಡ್ಯಾಮೇಜ್’, ‘ಲಿಕ್ವಿಡ್ ಡ್ಯಾಮೇಜ್’ ಅಂತ ಮೊದಲೇ ಬರೆದುಬಿಟ್ಟಿದ್ದರೆ ಸಹಿ ಹಾಕುವ ಮುಂಚೆ ನಿಲ್ಲಿಸಿ. ನೀರು ಹೋಗಿದೆ ಅಂದರೆ ಎಲ್ಲಿ ಅಂತ ತೋರಿಸಲು ಹೇಳಿ. ಹೆಚ್ಚಿನ ಫೋನುಗಳ ಒಳಗೆ ನೀರು ತಾಕಿದರೆ ಕೆಂಪಾಗುವ ಒಂದು ಸಣ್ಣ ಚೀಟಿ ಇರುತ್ತದೆ, ಎಷ್ಟೋ ಮಾದರಿಗಳಲ್ಲಿ ಸಿಮ್ ಟ್ರೇ ತೆಗೆದರೆ ಟಾರ್ಚ್ ಬೆಳಕಲ್ಲಿ ಕಾಣುತ್ತದೆ. ಕೊಡುವ ಮುಂಚೆ ನೀವೇ ಅದರ ಫೋಟೊ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಆಮೇಲೆ ಎಸ್ಟಿಮೇಟ್. ಭಾಗದ ಬೆಲೆ ಬೇರೆ, ಕೂಲಿ ಬೇರೆ, ಜಿಎಸ್‌ಟಿ ಬೇರೆ ಬರೆದಿರಬೇಕು. ‘ಮದರ್‌ಬೋರ್ಡ್ ಹೋಗಿದೆ’ ಅಂದರೆ ಬೋರ್ಡಿನಲ್ಲಿ ಯಾವುದು ಹೋಗಿದೆ ಅಂತ ಕೇಳಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಸರ್ವಿಸ್ ಸೆಂಟರ್‌ಗಳಲ್ಲಿ ಸಾಮಾನ್ಯವಾಗಿ ಬೋರ್ಡನ್ನು ಬಿಚ್ಚಿ ಒಳಗಿನ ಒಂದು ಐಸಿ (ಸಣ್ಣ ಚಿಪ್) ಬದಲಿಸುವುದಿಲ್ಲ, ಇಡೀ ಬೋರ್ಡೇ ಬದಲಿಸುತ್ತಾರೆ, ಹಾಗಾಗಿ ಚಾರ್ಜಿಂಗ್ ಐಸಿ ಒಂದು ಹೋದರೂ ಫೋನಿನ ಬೆಲೆಯ ಹತ್ತಿರಕ್ಕೆ ಬಿಲ್ಲು ಬರುತ್ತದೆ. ಚಿಪ್ ಮಟ್ಟದ ಕೆಲಸ ಗೊತ್ತಿರುವ ಹೊರಗಿನ ಟೆಕ್ನಿಷಿಯನ್ ಅದೇ ಐಸಿಯನ್ನು ಮಾತ್ರ ತೆಗೆದು ಬೇರೆ ಕೂರಿಸಿ ಕೊಡುತ್ತಾರೆ.

ಬದಲಿಸಿದ ಹಳೆಯ ಭಾಗ ನನಗೆ ಬೇಕು ಅಂತ ಮೊದಲೇ ಹೇಳಿಡಿ. ಕೆಲವು ಕಂಪನಿಗಳು ಹಳೆಯ ಭಾಗ ಅವರೇ ಇಟ್ಟುಕೊಳ್ಳುವ ಷರತ್ತಿನ ಮೇಲೆ ಬೆಲೆ ಹೇಳಿರುತ್ತವೆ. ಹಾಗಿದ್ದರೆ ಅದನ್ನೂ ಬರೆದು ಕೊಡಲಿ.

ಬಿಡಿಭಾಗ ಇಲ್ಲ, ಈ ಮಾದರಿಗೆ ಸಪೋರ್ಟ್ ನಿಲ್ಲಿಸಿದ್ದೇವೆ ಅಂದರೆ? ಜಾಬ್ ಶೀಟ್ ಮೇಲೆ ಅದೇ ಮಾತು ಬರೆದು ಸೀಲ್ ಹಾಕಿಸಿಕೊಳ್ಳಿ. ಬರೆಯಲ್ಲ ಅಂದರೆ ಅಲ್ಲೇ ನಿಂತು ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್ ಕಳಿಸಿ, ‘ಇವತ್ತು ಇಂಥ ಸೆಂಟರ್‌ನಲ್ಲಿ ಹೀಗೆ ಹೇಳಿದರು, ಇದು ನಿಮ್ಮ ನಿಲುವಾ?’ ಅಂತ ಎರಡು ಸಾಲು ಸಾಕು. ಗ್ರಾಹಕನಿಗೆ ಬೇಕಾದ ಮಾಹಿತಿಯನ್ನು ಬೇಕಂತಲೇ ಮುಚ್ಚಿಡುವುದು ಕೂಡ 2019ರ ಕಾಯ್ದೆಯ ಪ್ರಕಾರ ಸೇವೆಯಲ್ಲಿನ ಕೊರತೆಯೇ. ಬಿಲ್ಲು ಕೊಡದೇ ಇರುವುದು ಅನುಚಿತ ವ್ಯಾಪಾರ ಪದ್ಧತಿ. ಈ ಎರಡು ವಿಷಯ ನೆನಪಿದ್ದರೆ ಕೌಂಟರ್‌ನಲ್ಲಿ ನಿಮ್ಮ ದನಿ ತಾನಾಗಿಯೇ ಗಟ್ಟಿಯಾಗುತ್ತದೆ.

ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಅಪ್‌ಡೇಟ್ ಆದ ಮೇಲೆ ಪರದೆಯಲ್ಲಿ ಉದ್ದಕ್ಕೆ ಹಸಿರು ಗೆರೆ ಬಂದಿದ್ದರೆ, ದುಡ್ಡು ಕೊಡುವ ಮುಂಚೆ ‘ಗ್ರೀನ್ ಲೈನ್‌ಗೆ ಉಚಿತ ಬದಲಾವಣೆ ಇದೆಯಾ’ ಅಂತ ಕೇಳಿ. ವಾರಂಟಿ ಮುಗಿದ ಮೇಲೂ ಒನ್‌ಪ್ಲಸ್, ಸ್ಯಾಮ್‌ಸಂಗ್ ಕಂಪನಿಗಳು ಭಾರತದಲ್ಲಿ ಕೆಲವು ಮಾದರಿಗಳಿಗೆ ಪರದೆ ಉಚಿತವಾಗಿ ಬದಲಿಸಿಕೊಟ್ಟಿವೆ. ಹೊರಗಡೆ ಒಮ್ಮೆ ಬಿಚ್ಚಿಸಿದ ಫೋನಿಗೆ ಇಂಥ ಸೌಲಭ್ಯ ಸಿಗುವುದು ಕಷ್ಟ, ಅದಕ್ಕೇ ಮೊದಲು ಇಲ್ಲಿ ಕೇಳಿ.

ಒರಿಜಿನಲ್ ಭಾಗ ಹಾಕಿದರೂ ಫೋನು ಒಪ್ಪದೇ ಇದ್ದಾಗ

ಇದು ಎಲ್ಲಕ್ಕಿಂತ ದೊಡ್ಡ ತಡೆ, ಮತ್ತು ಕಣ್ಣಿಗೆ ಕಾಣದ ತಡೆ. ಮೊದಲೆಲ್ಲ ಕಂಪನಿಗಳು ಬೀಗ ಹಾಕುತ್ತಿದ್ದದ್ದು ಸ್ಕ್ರೂಗಳಲ್ಲಿ. ಸಾಮಾನ್ಯ ಸ್ಕ್ರೂಡ್ರೈವರ್‌ಗೆ ಸಿಗದ ಐದು ಎಸಳಿನ ಪೆಂಟಲೋಬ್ ಸ್ಕ್ರೂ ಐಫೋನ್ 4ರ ಕಾಲದಲ್ಲೇ ಬಂತು. ಅದಕ್ಕೆ ಹೊಂದುವ ಸ್ಕ್ರೂಡ್ರೈವರ್ ತುದಿ (ಬಿಟ್) ಮಾರುಕಟ್ಟೆಗೆ ಬಂತು, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಳಿದರೆ ಕೊಡುತ್ತಾರೆ. ಈಗ ಬೀಗ ಇರುವುದು ಸಾಫ್ಟ್‌ವೇರ್‌ನಲ್ಲಿ. ಇದಕ್ಕೆ ಪಾರ್ಟ್ಸ್ ಪೇರಿಂಗ್ ಅನ್ನುತ್ತಾರೆ. ಡಿಸ್‌ಪ್ಲೇ, ಬ್ಯಾಟರಿ, ಕ್ಯಾಮೆರಾ ಪ್ರತಿಯೊಂದರಲ್ಲೂ ಒಂದು ಸಂಖ್ಯೆ ಇರುತ್ತದೆ, ಅದು ಬೋರ್ಡಿನಲ್ಲಿ ದಾಖಲಾಗಿರುತ್ತದೆ. ಅದೇ ಕಂಪನಿಯ, ಅದೇ ಮಾದರಿಯ ಇನ್ನೊಂದು ಫೋನಿನಿಂದ ಬಿಚ್ಚಿ ತಂದ ಒರಿಜಿನಲ್ ಭಾಗ ಹಾಕಿದರೂ ಸಂಖ್ಯೆ ಹೊಂದದಿದ್ದರೆ ಫೋನು ‘ಅನ್‌ನೋನ್ ಪಾರ್ಟ್’ ಅಂತ ತೋರಿಸುತ್ತದೆ, ಕೆಲವು ಸೌಲಭ್ಯ ನಿಲ್ಲಿಸಿಬಿಡುತ್ತದೆ.

2021ರಲ್ಲಿ ಐಫೋನ್ 13 ಬಂದಾಗ ಹೊರಗಡೆ ಪರದೆ ಬದಲಿಸಿದರೆ ಫೇಸ್ ಐಡಿಯೇ ಕೆಲಸ ಮಾಡುತ್ತಿರಲಿಲ್ಲ. ಜಗತ್ತಿನ ರಿಪೇರಿ ಅಂಗಡಿಗಳವರೆಲ್ಲ ಗಲಾಟೆ ಮಾಡಿದ ಮೇಲೆ ಐಒಎಸ್ 15.2ರಲ್ಲಿ ಸರಿಯಾಯಿತು. ಹಾರ್ಡ್‌ವೇರ್ ಏನೂ ಬದಲಾಗಲಿಲ್ಲ, ಒಂದು ಅಪ್‌ಡೇಟ್ ಬಂತು ಅಷ್ಟೇ. ಅಂದರೆ ಅದು ತಾಂತ್ರಿಕವಾಗಿ ಅಸಾಧ್ಯ ಆಗಿರಲಿಲ್ಲ ಅಂತಾಯಿತು. ಬೆರಳಚ್ಚು, ಮುಖ ಗುರುತಿಸುವ ಭಾಗಕ್ಕೆ ಭದ್ರತೆ ಬೇಕು ಅನ್ನುವ ವಾದ ನಾನು ಒಪ್ಪುತ್ತೇನೆ, ಕದ್ದ ಫೋನಿನ ಭಾಗ ಬಳಕೆಗೆ ಬರಬಾರದು ಅನ್ನುವುದನ್ನೂ ಒಪ್ಪುತ್ತೇನೆ. ಬ್ಯಾಟರಿಗೆ, ಪರದೆಗೆ ಯಾಕೆ ಈ ಬೀಗ ಅನ್ನುವುದಕ್ಕೆ ಮಾತ್ರ ನನಗೆ ಒಪ್ಪಿಗೆಯಾಗುವ ಉತ್ತರ ಇದುವರೆಗೂ ಸಿಕ್ಕಿಲ್ಲ. ಅಮೆರಿಕದ ಓರೆಗಾನ್ ರಾಜ್ಯ 2024ರ ಮಾರ್ಚ್‌ನಲ್ಲಿ ತಂದ ಕಾನೂನು ಹೊಸ ಫೋನುಗಳಲ್ಲಿ ರಿಪೇರಿಗೆ ಅಡ್ಡಬರುವ ಇಂಥ ಪೇರಿಂಗನ್ನೇ ನಿಷೇಧಿಸಿತು. ಐಒಎಸ್ 18ರಲ್ಲಿ ಆಪಲ್ ಕೂಡ ಸ್ವಲ್ಪ ಸಡಿಲ ಮಾಡಿದೆ, ‘ರಿಪೇರ್ ಅಸಿಸ್ಟೆಂಟ್’ ಅನ್ನುವ ಸೌಲಭ್ಯದಲ್ಲಿ ಒರಿಜಿನಲ್ ಭಾಗವನ್ನು ಫೋನಿನಲ್ಲೇ ಹೊಂದಿಸಿಕೊಳ್ಳಬಹುದು.

ನೀವು ಮಾಡಬೇಕಾದ್ದು ಇಷ್ಟು. ಐಫೋನ್ ಪರದೆ ಹೊರಗೆ ಬದಲಿಸುವುದಾದರೆ, ಹಳೆಯ ಡಿಸ್‌ಪ್ಲೇಯಲ್ಲಿರುವ ಮಾಹಿತಿ ಹೊಸದಕ್ಕೆ ಹಾಕಿ ಕೊಡುತ್ತೀರಾ ಅಂತ ಕೇಳಿ. ಕೆಲಸ ಗೊತ್ತಿರುವವರು ಪ್ರೋಗ್ರಾಮರ್ ಉಪಕರಣದಿಂದ ನಕಲು ಮಾಡುತ್ತಾರೆ, ಇಲ್ಲವೇ ಹಳೆಯ ಡಿಸ್‌ಪ್ಲೇಯ ಐಸಿಯನ್ನೇ ತೆಗೆದು ಹೊಸದರ ಮೇಲೆ ಕೂರಿಸುತ್ತಾರೆ. ಹಾಗಾಗಿ ಒಡೆದ ಡಿಸ್‌ಪ್ಲೇಯನ್ನು ಎಸೆಯಬೇಡಿ. ಸೆಕೆಂಡ್ ಹ್ಯಾಂಡ್ ಐಫೋನ್ ಕೊಳ್ಳುವವರು ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ ‘ಪಾರ್ಟ್ಸ್ ಆ್ಯಂಡ್ ಸರ್ವಿಸ್ ಹಿಸ್ಟರಿ’ ನೋಡಿ. ಏನೇನು ಬದಲಾಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಹೊರಗಿನ ಅಂಗಡಿಯಲ್ಲಿ ಏನು ಕೇಳಬೇಕು

ನಮ್ಮ ಊರುಗಳ ಫೋನುಗಳನ್ನು ನಿಜವಾಗಿ ಬದುಕಿಸಿಟ್ಟವರು ಬಸ್ ಸ್ಟ್ಯಾಂಡ್ ಪಕ್ಕದ ಸಣ್ಣ ಅಂಗಡಿಯವರು. ಕಂಪನಿಗಳು ಇವರಿಗೆ ಕೈಪಿಡಿಯನ್ನಾಗಲಿ ಬಿಡಿಭಾಗವನ್ನಾಗಲಿ ಸಲೀಸಾಗಿ ಕೊಡುವುದಿಲ್ಲ, ಆಮೇಲೆ ಇವರ ಕೆಲಸ ಕಳಪೆ ಅನ್ನುತ್ತವೆ. ಕಳಪೆ ಕೆಲಸ ಮಾಡುವವರೂ ಇದ್ದಾರೆ ನಿಜ. ಆದ್ದರಿಂದ ಕೇಳಬೇಕಾದ್ದನ್ನು ಕೇಳಿ.

ಪರದೆಯನ್ನು ಇವರು ಫೋಲ್ಡರ್ ಅಥವಾ ಕಾಂಬೊ ಅನ್ನುತ್ತಾರೆ. ‘ಫೋಲ್ಡರ್ ಒರಿಜಿನಲ್ಲಾ, ಕಾಪಿನಾ?’ ಅಂತ ಕೇಳಿದರೆ ಸಾಲದು, ಒಎಲ್ಇಡಿನಾ ಎಲ್‌ಸಿಡಿನಾ ಅಂತಲೂ ಕೇಳಿ. ಅಮೊಲೆಡ್ (ಒಎಲ್ಇಡಿಯದ್ದೇ ಒಂದು ಬಗೆ) ಪರದೆ ಇದ್ದ ಫೋನಿಗೆ ಕಡಿಮೆ ದರದ ಎಲ್‌ಸಿಡಿ ಹಾಕಿದರೆ ಅದು ಸ್ವಲ್ಪ ದಪ್ಪ ಇರುತ್ತದೆ, ಅಂಚಿನಲ್ಲಿ ಎದ್ದಂತೆ ಕಾಣುತ್ತದೆ, ಬ್ಯಾಟರಿ ಜಾಸ್ತಿ ತಿನ್ನುತ್ತದೆ, ಮತ್ತು ಪರದೆಯ ಒಳಗಿನ ಬೆರಳಚ್ಚು ಕೆಲಸ ಮಾಡುವುದಿಲ್ಲ. ಆಮೇಲೆ ‘ಫಿಂಗರ್ ಸೆನ್ಸರ್ ನಿಮ್ಮದೇ ಹೋಗಿತ್ತು’ ಅನ್ನುವ ಮಾತು ಬರುತ್ತದೆ. ಅದಕ್ಕೇ ಮೊದಲೇ ಅವರ ಎದುರಿಗೇ ಬೆರಳಚ್ಚು ಒತ್ತಿ ತೋರಿಸಿ. ಚಿತ್ರ, ಟಚ್ ಎರಡೂ ಸರಿಯಿದ್ದು ಮೇಲಿನ ಗಾಜು ಮಾತ್ರ ಒಡೆದಿದ್ದರೆ ಇಡೀ ಫೋಲ್ಡರ್ ಬೇಡ, ಗಾಜು ಮಾತ್ರ ಬದಲಿಸುವ ಯಂತ್ರ ಇಟ್ಟುಕೊಂಡವರು ಇದ್ದಾರೆ. ಒಡೆದು ಹೋದರೆ ಯಾರ ಜವಾಬ್ದಾರಿ ಅಂತ ಮಾತ್ರ ಮೊದಲೇ ಮಾತಾಡಿಕೊಳ್ಳಿ, ಆ ಕೆಲಸದಲ್ಲಿ ಒಎಲ್ಇಡಿ ಹೋಗುವ ಅಪಾಯ ಇದೆ.

ನೀರು ತಡೆಯುವ ಫೋನಾಗಿದ್ದರೆ ಬಿಚ್ಚಿದ ಮೇಲೆ ಆ ಗುಣ ಮೊದಲಿನಂತೆ ಇರುತ್ತದೆ ಅಂತ ನಂಬಬೇಡಿ, ಹೊಸ ಅಂಟು ಹಾಕಿದ್ದರೂ ಸಹ. ನೀವು ಎದುರಿಗೆ ಕೂತಿರುವಾಗಲೇ ಬಿಚ್ಚುವ ಅಂಗಡಿ ಸಿಕ್ಕರೆ ಅದೇ ಒಳ್ಳೆಯದು. ಬಿಲ್ಲಿನಲ್ಲಿ ಯಾವ ಭಾಗ, ಯಾವ ಗುಣಮಟ್ಟ, ಎಷ್ಟು ದಿನದ ಗ್ಯಾರಂಟಿ ಅಂತ ಕೈಯಲ್ಲಾದರೂ ಬರೆಸಿ. ಒಟ್ಟು ಖರ್ಚು ನಿಮ್ಮ ಫೋನಿನ ಇವತ್ತಿನ ಸೆಕೆಂಡ್ ಹ್ಯಾಂಡ್ ಬೆಲೆಯ ಅರ್ಧ ದಾಟಿದರೆ ಒಂದು ಸಲ ಯೋಚಿಸಿ. ಆದರೂ ಅಪ್‌ಡೇಟ್ ಇನ್ನೂ ಬರುತ್ತಿರುವ ಫೋನಾದರೆ ರಿಪೇರಿಯೇ ಲಾಭ ಅಂತ ನನ್ನ ಅನಿಸಿಕೆ.

ಹೊರಗೆ ಬಿಚ್ಚಿಸಿದರೆ ವಾರಂಟಿ ಪೂರ್ತಿ ಹೋಯಿತಾ

ಭಾರತದಲ್ಲಿ ಇದಕ್ಕೆ ನೇರವಾದ ಒಂದು ಸಾಲಿನ ಕಾನೂನು ಇಲ್ಲ. ಕಂಪನಿಯ ವಾರಂಟಿ ಕಾರ್ಡಿನಲ್ಲಿ ಹೊರಗೆ ಬಿಚ್ಚಿಸಿದರೆ ವಾರಂಟಿ ಇಲ್ಲ ಅಂತ ಸಾಮಾನ್ಯವಾಗಿ ಬರೆದಿರುತ್ತದೆ. ಹಾಗಾಗಿ ವಾರಂಟಿ ಉಳಿದಿರುವ ಫೋನನ್ನು ಮೊದಲು ಸರ್ವಿಸ್ ಸೆಂಟರ್‌ಗೇ ಒಯ್ಯಿರಿ. ಅಮೆರಿಕದಲ್ಲಿ 1975ರಿಂದಲೇ ಬೇರೆ ಕಾನೂನು ಇದೆ, ‘ಸೀಲ್ ತೆಗೆದರೆ ವಾರಂಟಿ ರದ್ದು’ ಅನ್ನುವಂಥ ಸ್ಟಿಕ್ಕರ್‌ಗಳು ತಪ್ಪು ಅಂತ ಅಲ್ಲಿನ ವ್ಯಾಪಾರ ಆಯೋಗ 2018ರಲ್ಲಿ ಕಂಪನಿಗಳಿಗೆ ಎಚ್ಚರಿಕೆ ಕೊಟ್ಟಿತು. ಅದೇ ವರ್ಷ ಆಸ್ಟ್ರೇಲಿಯಾದ ಕೋರ್ಟು ಆಪಲ್‌ಗೆ 90 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಹೊರಗೆ ಪರದೆ ಬದಲಿಸಿದ್ದವರ ಫೋನುಗಳು ಅಪ್‌ಡೇಟ್ ಆದ ಮೇಲೆ ‘ಎರರ್ 53’ ತೋರಿಸಿ ಸತ್ತುಹೋಗಿದ್ದವು. ಹೊರಗೆ ರಿಪೇರಿ ಮಾಡಿಸಿದ್ದೀರಿ ಅನ್ನುವ ಒಂದೇ ಕಾರಣಕ್ಕೆ ಪರಿಹಾರ ಇಲ್ಲ ಅಂತ ಆ ಗ್ರಾಹಕರಿಗೆ ಹೇಳಿದ್ದೇ ತಪ್ಪು ಅಂತ ತೀರ್ಮಾನವಾಯಿತು.

ಇಲ್ಲಿ ಸಿದ್ಧ ಉತ್ತರ ಇಲ್ಲದಿದ್ದರೂ ವಾದ ಮಾಡಬಹುದು. ಹೊರಗೆ ಬದಲಿಸಿದ್ದು ಬ್ಯಾಟರಿ, ಈಗ ಕೆಟ್ಟಿರುವುದು ಸ್ಪೀಕರ್, ಇವೆರಡಕ್ಕೂ ಏನು ಸಂಬಂಧ ಅಂತ ಬರಹದಲ್ಲಿ ಕೇಳಿ. ಬಿಡಿಭಾಗ ಕೂಡಿಹಾಕಿಕೊಳ್ಳುವುದು ನಮ್ಮಲ್ಲೂ ಪ್ರಶ್ನೆಗೆ ಒಳಗಾಗಿದೆ. 2014ರಲ್ಲಿ ಭಾರತದ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ವಿರುದ್ಧ ಆದೇಶ ಮಾಡಿದ್ದು ಇದೇ ವಿಷಯಕ್ಕೆ, ಬಿಡಿಭಾಗ ಮತ್ತು ರಿಪೇರಿ ಮಾಹಿತಿಯನ್ನು ಹೊರಗಿನ ಗ್ಯಾರೇಜ್‌ಗಳಿಗೆ ಸಿಗದಂತೆ ಮಾಡಿದ್ದಕ್ಕೆ.

ಕೇಳಿದರೂ ಆಗದಿದ್ದರೆ ದೂರು

ಮೊದಲು ಕಂಪನಿಗೆ ಇಮೇಲ್. ಜಾಬ್ ಶೀಟ್ ಸಂಖ್ಯೆ, ಐಎಂಇಐ, ಖರೀದಿ ದಿನಾಂಕ, ಏನಾಯಿತು, ನಿಮಗೆ ಏನು ಬೇಕು, ಎಷ್ಟು ದಿನದೊಳಗೆ ಬೇಕು. ಇಷ್ಟೇ ಇರಲಿ. ಕೋಪದ ಮಾತು ಬೇಡ, ಮುಂದೆ ಇದೇ ಇಮೇಲ್ ನಿಮ್ಮ ಸಾಕ್ಷಿ.

ಉತ್ತರ ಬರದಿದ್ದರೆ 1915ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಆದೇಶ ಮಾಡುವ ಅಧಿಕಾರ ಅವರಿಗೆ ಇಲ್ಲ, ಆದರೆ ಸರ್ವಿಸ್ ಸೆಂಟರ್ ಮಟ್ಟದಲ್ಲಿ ನಿಂತಿದ್ದ ಎಷ್ಟೋ ದೂರು ಈ ಹಂತದಲ್ಲೇ ಬಗೆಹರಿಯುತ್ತವೆ. ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ಒಂದನ್ನೂ ಶುರು ಮಾಡಿತು. ಕಂಪನಿಗಳ ಸರ್ವಿಸ್ ಸೆಂಟರ್, ವಾರಂಟಿ, ಬಿಡಿಭಾಗಗಳ ಮಾಹಿತಿ ಅಲ್ಲಿ ಒಂದೇ ಕಡೆ ಸಿಗಬೇಕು ಅನ್ನುವುದು ಉದ್ದೇಶ. ಅದು ಮಾಹಿತಿಗೆ ಮಾತ್ರ. ಅಲ್ಲಿ ಬರೆದ ಬೆಲೆಗೂ ಕೌಂಟರ್‌ನಲ್ಲಿ ಹೇಳಿದ ಬೆಲೆಗೂ ವ್ಯತ್ಯಾಸ ಇದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ.

ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಹೆದರಬೇಡಿ, ಸರಕಿಗೆ ನೀವು ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವೇ ಇಲ್ಲ, ಅಂದರೆ ಫೋನಿನ ದೂರುಗಳಿಗೆ ಶುಲ್ಕ ಬರುವುದೇ ಇಲ್ಲ. 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು. ರಾಯಚೂರಿನಲ್ಲಿ ಇರುವವರು ಆನ್‌ಲೈನ್‌ನಲ್ಲಿ ಕೊಂಡ ಫೋನಿಗಾಗಿ ಕಂಪನಿಯ ಕಚೇರಿ ಇರುವ ದೆಹಲಿಗೆ ಓಡಬೇಕಿಲ್ಲ. ‘ಇ-ಜಾಗೃತಿ’ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ನೀವೇ ವಾದ ಮಾಡಬಹುದು. ತೊಂದರೆ ಆದ ದಿನದಿಂದ 2 ವರ್ಷದೊಳಗೆ ಹಾಕಬೇಕು. ಮಾರಿದ ಅಂಗಡಿ, ಸರ್ವಿಸ್ ಸೆಂಟರ್, ಕಂಪನಿ ಮೂವರನ್ನೂ ಎದುರು ಪಕ್ಷ ಮಾಡಿ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಬೇಗ ಮುಗಿಯುತ್ತದೆ ಅಂತ ನಾನು ಹೇಳುವುದಿಲ್ಲ. ಕಾಗದ ಸರಿಯಾಗಿದ್ದರೆ ನಿಮ್ಮ ಕಡೆ ಬಲ ಇರುತ್ತದೆ.

ಮುಂದಿನ ಫೋನು ಕೊಳ್ಳುವಾಗ

ಕ್ಯಾಮೆರಾ, ಮೆಗಾಪಿಕ್ಸೆಲ್ ನೋಡುವ ಹೊತ್ತಿನಲ್ಲೇ ಆ ಮಾದರಿಯ ಡಿಸ್‌ಪ್ಲೇ ಮತ್ತು ಬ್ಯಾಟರಿ ಬದಲಿಸಲು ಎಷ್ಟಾಗುತ್ತದೆ ಅಂತ ಕಂಪನಿಯ ವೆಬ್‌ಸೈಟಿನಲ್ಲಿ ನೋಡಿ, ಸಿಗದಿದ್ದರೆ ನಿಮ್ಮ ಊರಿನ ಸರ್ವಿಸ್ ಸೆಂಟರ್‌ಗೆ ಕರೆ ಮಾಡಿ ಕೇಳಿ. ನಿಮ್ಮ ಜಿಲ್ಲೆಯಲ್ಲಿ ಸೆಂಟರ್ ಇದೆಯಾ ಅಂತಲೂ ನೋಡಿ, ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಅಂತಲೂ ಕೇಳಿ.

ಯುರೋಪಿನಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಜಾರಿಯಲ್ಲಿದೆ. ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗ ಕೊಡಬೇಕು, ಕನಿಷ್ಠ 5 ವರ್ಷ ಅಪ್‌ಡೇಟ್ ಕೊಡಬೇಕು, ಪ್ರತಿ ಫೋನಿನ ಲೇಬಲ್ ಮೇಲೆ ರಿಪೇರಿ ಎಷ್ಟು ಸುಲಭ ಅಂತ ‘ಎ’ಯಿಂದ ‘ಇ’ವರೆಗೆ ದರ್ಜೆ ಇರಬೇಕು. ಈ ದರ್ಜೆಗಳು ‘ಇಪ್ರೆಲ್’ ಅನ್ನುವ ಸಾರ್ವಜನಿಕ ದಾಖಲೆಯಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ. ನೀವು ನೋಡಿಟ್ಟ ಮಾದರಿ ಅಲ್ಲಿಯೂ ಮಾರಾಟವಾಗುತ್ತಿದ್ದರೆ ಹೆಸರು ಹಾಕಿ ಹುಡುಕಿ ನೋಡಿ. ನಮ್ಮಲ್ಲೂ ಇಂಥದ್ದೇ ರಿಪೇರಿ ಸೂಚ್ಯಂಕ ಬೇಕು ಅಂತ ಕೇಂದ್ರದ ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿದೆ. ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಸಿಗುತ್ತದೆಯಾ, ಯಾವ ಸ್ಕ್ರೂ, ಯಾವ ಉಪಕರಣ ಬೇಕು, ಎಷ್ಟು ದಿನ ಅಪ್‌ಡೇಟ್ ಅನ್ನುವುದನ್ನೆಲ್ಲ ಅಳೆದು ಅಂಕ ಕೊಡಬೇಕು, ಅದನ್ನು ಅಂಗಡಿಯಲ್ಲಿ, ಆನ್‌ಲೈನ್ ಪುಟದಲ್ಲಿ, ಡಬ್ಬದ ಮೇಲಿನ ಕ್ಯುಆರ್ ಕೋಡ್‌ನಲ್ಲಿ ತೋರಿಸಬೇಕು ಅನ್ನುವುದು ಅದರ ಶಿಫಾರಸು.

ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿ ಹತ್ತಿರ ನಮ್ಮ ಹುಡುಗ ಹುಡುಗಿಯರೇ ಐಫೋನ್ ಜೋಡಿಸುತ್ತಿದ್ದಾರೆ. ಅವರು ಜೋಡಿಸುವ ಫೋನನ್ನು ಇಲ್ಲಿಯ ಟೆಕ್ನಿಷಿಯನ್ ಬಿಚ್ಚಿ ಸರಿಮಾಡಲು ಬೇಕಾದ ಕೈಪಿಡಿ, ಬಿಡಿಭಾಗ, ಸಾಫ್ಟ್‌ವೇರ್ ಅವನಿಗೂ ಸಿಗಬೇಕು ಅಂತ ಕೇಳುವುದು ಜಾಸ್ತಿ ಕೇಳಿದಂತಲ್ಲ. ಸದ್ಯಕ್ಕೆ, ಆಪಲ್‌ನ ರಿಪೇರಿ ಕೈಪಿಡಿಗಳು ಅದರ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಓದುವಂತೆ ಇವೆ, ಬೇರೆ ಕಂಪನಿಗಳ ನೂರಾರು ಮಾದರಿಗಳಿಗೆ ‘ಐಫಿಕ್ಸಿಟ್’ನಲ್ಲಿ ಚಿತ್ರಸಹಿತ ಮಾಹಿತಿ ಉಚಿತವಾಗಿ ಸಿಗುತ್ತದೆ. ಮನೆಯಲ್ಲೇ ಬ್ಯಾಟರಿ ಬದಲಿಸುವ ಧೈರ್ಯ ಮಾಡುವವರು ಅದನ್ನು ಪೂರ್ತಿ ಓದಿ, ಚಾರ್ಜ್ ಶೇ. 25ಕ್ಕಿಂತ ಕೆಳಗೆ ಇಳಿಸಿ, ಆಫ್ ಮಾಡಿ, ಆಮೇಲೆ ಬಿಚ್ಚಿ. ಲೋಹದ ಚಾಕು ಹಾಕಿ ಬ್ಯಾಟರಿ ಎಬ್ಬಿಸಬೇಡಿ, ತೂತಾದರೆ ಬೆಂಕಿ ಹತ್ತಿಕೊಳ್ಳುತ್ತದೆ. ತೆಗೆದ ಬ್ಯಾಟರಿಯನ್ನು ಮನೆ ಕಸಕ್ಕೆ ಹಾಕದೆ ಇ-ತ್ಯಾಜ್ಯ ತಗೊಳ್ಳುವ ಕಡೆ ಕೊಡಿ.